ಏಳು ಕಡೆ ಬರೆದ ಎಪ್ಪತ್ತೈದು

ಮಾರ್ಚ್ 12, ಗುರುವಾರ

‘ಬದಲಾಗದ್ದಕ್ಕೆ ಮನೆ ಒಂದೇ’ ಎಂದೇನೋ ಒಂದು ಸಾಲು, ಪ್ರೋಗ್ರಾಮಿಂಗಿನ ಯಾವ ಪುಸ್ತಕದಲ್ಲಿ ಓದಿದೆನೋ; ಬದಲಾಗದ ಅಂಕಿಯನ್ನು ಒಂದೇ ಕಡೆ ಬರೆದಿಡು ಎಂದರ್ಥ. ಬದಲಾಗದ್ದು ಅಂತ ಏನಾದರೂ ಇದೆಯೇ? ಪರೀಕ್ಷೆಗೆ ಕೂರಲು ಬೇಕಾದ ಹಾಜರಾತಿ ಶೇಕಡಾ ಎಪ್ಪತ್ತೈದೇ ಇರುತ್ತದೆಂದು ನಂಬಿ, ಕಾಲೇಜಿನ ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ಆ ಅಂಕಿಯನ್ನು ಏಳು ಕಡೆ ಬರೆದವಳು ನಾನೇ. ಈ ವರ್ಷ ನಿಯಮ ಎಪ್ಪತ್ತಕ್ಕಿಳಿಯಿತು. ಆರು ಕಡೆ ತಿದ್ದಿದೆ. ಹಾಲ್ ಟಿಕೆಟ್ ಕೊಡುವ ಜಾಗ ಉಳಿದೇ ಹೋಯಿತು. ಹಾಜರಾತಿ ಎಪ್ಪತ್ತೆರಡು ಇದ್ದ ಪಕ್ಕದ ಮನೆಯ ಗುಲ್ನಾಜಳಿಗೆ ಟಿಕೆಟ್ ಬರಲಿಲ್ಲ. ಕ್ಲಾಸು ತಪ್ಪಿಸಿದ್ದಾಳೆಂದು ತಾಯಿ ಮುಸರತ ಬೈದಳಂತೆ.

ಇಂದು ಆ ಅಂಕಿಗೊಂದು ಹೆಸರಿಟ್ಟು, ಒಂದೇ ಫೈಲಿನಲ್ಲಿ ಒಮ್ಮೆ ಬರೆದೆ. ಉಳಿದೆಡೆಯೆಲ್ಲ ಆ ಹೆಸರಷ್ಟೇ. ಗುಲ್ನಾಜಳ ಟಿಕೆಟ್ ಬಂತು, ಮನಸ್ಸು ಹಗುರಾಯಿತು. ಸಂಜೆ ಹೋಗಿ ತಪ್ಪು ನನ್ನದೆಂದು ಮುಸರತಳಿಗೆ ಹೇಳಿದೆ. ಬಾಗಿಲಲ್ಲೇ ನಿಂತು ನಕ್ಕಳು: “ನನಗ ಹೇಳಿದ್ರ ಏನಾತ್ರಿ ಅಕ್ಕಾರ? ಒಳಗ ಬಂದು ಆಕಿಗಿ ಹೇಳ್ರಿ, ನನ್ನ ಕೂಡ ಮಾತ ಬಿಟ್ಟಾಳ.”