ಎರಡು ಎಡತೋಳಿನ ಕೋಟು

ಭಾನುವಾರ, ಬೆಳಿಗ್ಗೆ ಹತ್ತೂವರೆ
ಊಟದ ಮೇಜಿನಿಂದ, ಬಟ್ಟೆ ಚೂರುಗಳನ್ನು ಒಂದು ಪಕ್ಕಕ್ಕೆ ತಳ್ಳಿ

ಪ್ರೀತಿಯ ಅಕ್ಕನಿಗೆ,

ಹದಿನಾಲ್ಕು ತಿಂಗಳಾದ ಮೇಲೆ ನಿನ್ನ ತಂಗಿಯ ನಮಸ್ಕಾರ. ಕವರಿನ ಮೇಲೆ ನನ್ನ ಅಕ್ಷರ ನೋಡಿ, ಕನ್ನಡಕ ಹಣೆಗೇರಿಸಿ, ಬಾಯಲ್ಲಿ ಕಚ್ಚಿಕೊಂಡಿರುವ ಗುಂಡುಸೂಜಿಗಳನ್ನು ತೆಗೆದಿಟ್ಟು ಆಮೇಲೆ ಒಡೆದಿರುತ್ತೀಯ ಎಂದುಕೊಂಡಿದ್ದೇನೆ. ತೆಗೆದಿಟ್ಟಿಲ್ಲದಿದ್ದರೆ ಈಗಲೇ ತೆಗೆದಿಡು. ಮುಂದೆ ನಗು ಬರುವ ಜಾಗಗಳಿವೆ, ಗಂಟಲಿಗೆ ಇಳಿದರೆ ಆ ಪಾಪವೂ ನನ್ನ ತಲೆಗೇ ಬರುತ್ತದೆ.

ಒಂದೇ ಊರಿನಲ್ಲಿದ್ದು ಪತ್ರ ಯಾಕೆ ಎಂದು ಕೇಳಬೇಡ. ಫೋನ್ ಮಾಡಿದರೆ ನೀನು "ಹೂಂ" ಎನ್ನುತ್ತೀಯ, ನಾನು "ಸರಿ" ಎಂದು ಇಟ್ಟುಬಿಡುತ್ತೇನೆ. ನಿನ್ನ ಹೊಲಿಗೆ ಅಂಗಡಿಗೇ ಬರೋಣ ಎಂದರೆ, ನೀನು ಒಂದೇ ಒಂದು ತಪ್ಪನ್ನೂ ಹುಡುಕಲಾಗದಂಥ ಬಟ್ಟೆಯನ್ನು ನನ್ನ ಕೈಯಾರೆ ಹೊಲಿದು ತರುವವರೆಗೆ ನಿನ್ನ ಅಂಗಡಿಯ ಮೆಟ್ಟಿಲು ತುಳಿಯುವುದಿಲ್ಲ ಎಂದು ನಾಲ್ಕು ಜನ ಗಿರಾಕಿಗಳ ಮುಂದೆ ಶಪಥ ಮಾಡಿ ಬಂದವಳು ನಾನು. ಆ ಬಟ್ಟೆ ಈಗ ತಯಾರಾಗಿದೆ. ಅದನ್ನು ತಿಳಿಸಲೆಂದೇ ಈ ಪತ್ರ.

ಶುಕ್ರವಾರ ಮಗಳ ಶಾಲೆಯಲ್ಲಿ ಹಳೆ ಬಟ್ಟೆಯಿಂದ ಹೊಸ ಉಡುಪು ಮಾಡುವ ಸ್ಪರ್ಧೆಯಿತ್ತು. ಮನೆಯಲ್ಲೇ ಹೊಲಿದಿರಬೇಕು, ಮಕ್ಕಳು ಹಾಕಿಕೊಂಡು ವೇದಿಕೆಯ ಮೇಲೆ ನಡೆಯಬೇಕು. ನಿನ್ನ ಈ ತಂಗಿ ಯಾವುದೋ ಒಂದು ಹಳೆಯ ಕೋಟನ್ನು ಬಿಚ್ಚಿ ಎಂಟು ವರ್ಷದ ಹುಡುಗಿಗೆ ಹೊಂದುವ ಕೋಟು ಮಾಡಿದಳು. ಎರಡನೆಯ ಬಹುಮಾನ ಬಂತು. ಮೊದಲನೆಯದು ಹರಿದ ಕೊಡೆಗಳಿಂದ ಮಗಳಿಗೆ ಲಂಗ ಹೊಲಿದ ಒಬ್ಬ ಅಪ್ಪನಿಗೆ ಹೋಯಿತು. ಮಳೆಗೂ ಆಗುತ್ತದೆ ಎಂದು ಅದಕ್ಕೆ ಎರಡು ಅಂಕ ಹೆಚ್ಚು. ಪರವಾಗಿಲ್ಲ. ಪ್ರಮಾಣಪತ್ರವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ಈ ಮನೆಯಲ್ಲಿ ತಣ್ಣೀರು ಬೇಕಾದವರು ಅದನ್ನು ಓದಿಯೇ ಕುಡಿಯಬೇಕು.

ನಾನು ಇಲ್ಲಿಗೆ ಹೇಗೆ ಬಂದು ಮುಟ್ಟಿದೆ ಎಂದು ನಿನಗೆ ಗೊತ್ತಾಗಬೇಕಲ್ಲ. ನಿನ್ನ ಸಹಾಯಕಿ ರಜೆ ಹಾಕಿದ್ದ ಆ ವಾರ ನಾನು ಅಂಗಡಿಗೆ ಬಂದು ಕೂತಿದ್ದೆ. ಒಬ್ಬರ ಪ್ಯಾಂಟಿನ ಕಾಲು ಎರಡಿಂಚು ಗಿಡ್ಡ ಮಾಡಬೇಕಿತ್ತು. ಒಂದು ಕಾಲು ಕತ್ತರಿಸಿದೆ, ಫೋನ್ ಬಂತು, ಮಾತಾಡಿ ಬಂದು ಇನ್ನೊಂದು ಕಾಲು ಕತ್ತರಿಸಿದೆ. ಆ ಇನ್ನೊಂದು ಕಾಲೂ ಮೊದಲಿನದೇ ಆಗಿತ್ತು. ಪಾಪ ಆ ಮನುಷ್ಯ ಹಾಕಿಕೊಂಡು ಕನ್ನಡಿಯ ಮುಂದೆ ನಿಂತು, ನೆಲ ಓರೆಯಾಗಿದೆಯೇನೋ ಎಂದು ಬಗ್ಗಿ ನೋಡಿದರು. ನನಗೆ ನಗು ತಡೆಯಲಾಗಲಿಲ್ಲ. ನಾನು ನಕ್ಕದ್ದನ್ನು ನಿನಗೆ ತಡೆಯಲಾಗಲಿಲ್ಲ. "ಮನೇಲಿ ಸುಮ್ನೆ ಕೂತಿರೋಳ ಕೈಗೆ ಕತ್ತರಿ ಕೊಟ್ಟಿದ್ದು ನನ್ನ ತಪ್ಪು" ಎಂದು ನೀನು ಅಂದುಬಿಟ್ಟೆ.

ಕತ್ತರಿಯ ಮಾತು ನಿಜ, ಅದಕ್ಕೆ ಬೇಜಾರಿಲ್ಲ. "ಸುಮ್ನೆ ಕೂತಿರೋಳು" ಅಂದದ್ದು ಮಾತ್ರ ಒಳಗೆ ಹೊಕ್ಕಿತು. ಮಗಳು ಶಾಲೆಗೆ, ಇವರು ಕಚೇರಿಗೆ, ಅತ್ತೆ ಟಿವಿಯ ಮುಂದಕ್ಕೆ ಹೋದ ಮೇಲೆ ಅದೇ ಮಾತನ್ನು ನಾನೇ ನನಗೆ ದಿನಾ ಹೇಳಿಕೊಳ್ಳುತ್ತಿದ್ದೆ. ನಿನ್ನ ಬಾಯಿಂದಲೂ ಕೇಳಬೇಕಾಗಿರಲಿಲ್ಲ.

ಅವತ್ತಿನಿಂದ ಹಟ ಹಿಡಿದೆ. ಮೊಬೈಲಿನಲ್ಲಿ ಒಬ್ಬ ಹೆಂಗಸು "ಹತ್ತೇ ನಿಮಿಷದಲ್ಲಿ ಸುಲಭವಾಗಿ" ಎಂದು ಶುರು ಮಾಡುತ್ತಾಳೆ. ಆಕೆಯ ಮನೆಯಲ್ಲಿ ಕುಕ್ಕರ್ ಕೂಗುವುದಿಲ್ಲ, ಗ್ಯಾಸಿನವನು ಗಂಟೆ ಒತ್ತುವುದಿಲ್ಲ, ಕತ್ತರಿ ಇಟ್ಟಲ್ಲೇ ಇರುತ್ತದೆ. ಮೊದಲು ಹೊಲಿಗೆಯೇ ಬೇಡದ ಚೀಲ ಮಾಡಿದೆ, ಇವರ ಟೀ ಶರ್ಟಿನ ತೋಳು ಕತ್ತರಿಸಿ, ಕೆಳಗೆ ಗಂಟು ಹಾಕಿ. ಎರಡು ಕಿಲೋ ಗೆಡ್ಡೆ ಹಾಕಿದ ಕೂಡಲೇ ಅದರ ಹಿಡಿ ಮೊಣಕಾಲಿನವರೆಗೆ ಇಳಿಯಿತು. ತರಕಾರಿಯನ್ನು ನಾಯಿಮರಿಯ ಹಾಗೆ ರಸ್ತೆಯುದ್ದಕ್ಕೂ ಎಳೆದುಕೊಂಡು ಬಂದೆ. ಆಮೇಲೆ ಕಾಲುಚೀಲಗಳಿಂದ ತಲೆಕೂದಲಿನ ಪಟ್ಟಿ. ಚೆನ್ನಾಗೇ ಬಂತು, ಆದರೆ ಯಾವ ಕಾಲುಚೀಲ ಎಂದು ಮಗಳು ಶಾಲೆಯಲ್ಲಿ ಎಲ್ಲರಿಗೂ ಹೇಳಿಬಿಟ್ಟಳು. ಜೀನ್ಸಿನಿಂದ ಏಪ್ರನ್ ಮಾಡಿದೆ, ಅದರ ಜಿಪ್ಪನ್ನು ಹಾಗೇ ಉಳಿಸಿದೆ. ಬಾಗಿಲಿಗೆ ಯಾರಾದರೂ ಬಂದರೆ ಇವರು ದೂರದಿಂದಲೇ ಜಿಪ್ಪು, ಜಿಪ್ಪು ಎಂದು ಸನ್ನೆ ಮಾಡುತ್ತಾರೆ.

ನಿನಗೆ ಗೊತ್ತಲ್ಲ, ಇವರು ಊರಿನ ತಕ್ಕಡಿ, ಅಳತೆಗೋಲುಗಳಿಗೆಲ್ಲ ಸರ್ಕಾರದ ಮುದ್ರೆ ಒತ್ತುವವರು. ಮನೆಯ ಅಳತೆ ಟೇಪಿನಲ್ಲಿ ಮೊದಲ ಎರಡು ಇಂಚೇ ಇಲ್ಲ ಎಂದು ಕಂಡಾಗ ಇವರಿಗೆ ಎರಡು ದಿನ ಊಟ ಸೇರಲಿಲ್ಲ. (ಮಗಳು ಪುಸ್ತಕದಲ್ಲಿ ಗುರುತಿಗೆ ಇಡಲು ಕತ್ತರಿಸಿಕೊಂಡಿದ್ದಳು.) ಮೂರನೆಯ ಶರ್ಟು ಕಾಣೆಯಾದ ಮೇಲೆ ತಮ್ಮ ಬೀರುವಿಗೆ ಬೀಗ ಹಾಕಿ, ಕೀಲಿಯನ್ನು ಸ್ಕೂಟರಿನ ಕೀಲಿಯ ಜೊತೆ ಸೇರಿಸಿಕೊಂಡರು. ಸ್ನಾನಕ್ಕೆ ಹೋಗುವಾಗಲೂ ಆ ಗೊಂಚಲು ಜೊತೆಗೇ ಹೋಗುತ್ತದೆ. ಇಷ್ಟೆಲ್ಲದರ ನಡುವೆ ಪಟ್ಟು ಬಿಡದೆ ಕೋಟು ಹೊಲಿದು ಬಹುಮಾನ ಗೆದ್ದವಳು ನಿನ್ನ ತಂಗಿ. ಈಗ ಹೇಳು, ಬಂದು ನೋಡುತ್ತೀಯೋ, ನಾನೇ ತಂದು ತೋರಿಸಲೋ?

ಮಧ್ಯಾಹ್ನ ಎರಡು ಗಂಟೆ

ಎದ್ದು ಹೋಗಿ ಅಡುಗೆ ಮಾಡಿ, ಎಲ್ಲರಿಗೂ ಬಡಿಸಿ ಬಂದು, ಇಲ್ಲಿಯವರೆಗೆ ಬರೆದದ್ದನ್ನು ಓದಿಕೊಂಡೆ. ಓದಲು ಚೆನ್ನಾಗಿದೆ. ನಿಜ ಮಾತ್ರ ಅಲ್ಲಲ್ಲಿ ಬಿಟ್ಟುಹೋಗಿದೆ. ಈ ಹಾಳೆಗಳನ್ನು ಹರಿದು ಹಾಕೋಣ ಎನ್ನಿಸಿತು, ಆದರೆ ನಿನ್ನ ತಂಗಿ ಎಷ್ಟು ಸಲೀಸಾಗಿ ಬಡಾಯಿ ಕೊಚ್ಚುತ್ತಾಳೆ ಎಂದು ನೀನೂ ನೋಡು. ಈಗ ಬಿಟ್ಟದ್ದನ್ನೆಲ್ಲ ಬರೆಯುತ್ತೇನೆ.

ಮೊದಲನೆಯದು, ಅದು "ಯಾವುದೋ ಒಂದು ಹಳೆಯ ಕೋಟು" ಅಲ್ಲ. ನನ್ನ ಮದುವೆಗೆ ನೀನು ಇವರಿಗೆ ಹೊಲಿದುಕೊಟ್ಟ ಬೂದು ಬಣ್ಣದ ಸೂಟಿನ ಕೋಟು. ನೀನು ಹೊಲಿದ ಮೊಟ್ಟಮೊದಲ ಸೂಟು. ಭುಜ ಸರಿಯಾಗಿ ಕೂರಲಿಲ್ಲವೆಂದು ಮೂರು ಸಲ ಬಿಚ್ಚಿ, ಮೂರು ಸಲ ಹೊಲಿದು, ಮದುವೆಯ ದಿನ ನೀನು ಊಟವನ್ನೂ ಬಿಟ್ಟು ಇವರ ಬೆನ್ನನ್ನೇ ನೋಡುತ್ತ ನಿಂತಿದ್ದೆ. ಈಗ ಇವರ ಹೊಟ್ಟೆಗೆ ಅದರ ಗುಂಡಿ ತಲುಪುವುದಿಲ್ಲ. ವರ್ಷಕ್ಕೊಮ್ಮೆ ಕಚೇರಿಯ ಫೋಟೋಗೆ ಹಾಗೇ ಬಿಟ್ಟುಕೊಂಡು ಹಾಕುತ್ತಾರೆ. ಒಗೆಸಿ ತಂದ ಕೋಟು ಬೀರುವಿನ ಹೊರಗೆ ಮೊಳೆಗೆ ನೇತುಬಿದ್ದಿತ್ತು. ನನ್ನ ಕೈ ನಿನಗೆ ಗೊತ್ತಲ್ಲ. ಕತ್ತರಿಸಿದ ಚೂರುಗಳನ್ನು ಇವರು ಕಂಡು, ಕುರ್ಚಿಯಲ್ಲಿ ಕೂತು, "ಹೊಲಿದವರಿಗೆ ಏನಂತ ಹೇಳ್ತೀಯ?" ಎಂದಷ್ಟೇ ಕೇಳಿದರು.

ಎರಡನೆಯದು, ತೋಳು. ದೊಡ್ಡ ಕೋಟಿನ ಎರಡೂ ತೋಳುಗಳನ್ನು ಬಿಚ್ಚಿ ಹರಡಿ, ಮೇಲೆ ಕಾಗದದ ನಮೂನೆ ಇಟ್ಟು ಚಿಕ್ಕದಾಗಿ ಕತ್ತರಿಸಿದೆ. ಒಂದು ತೋಳು ಆದಮೇಲೆ ಕಾಗದವನ್ನು ಮಗುಚಿ ಇಡಬೇಕು ಎಂದು ಆ ಮೊಬೈಲಿನ ಹೆಂಗಸು ಹೇಳಿದ್ದಳೋ ಏನೋ, ಅಷ್ಟರಲ್ಲಿ ಹಾಲು ಉಕ್ಕಿತು. ಎರಡೂ ಎಡತೋಳಾದವು. ಅದು ನನಗೆ ತಿಳಿದದ್ದು ಜೋಡಿಸಿ, ಹೊಲಿದು, ಮಂಗಳವಾರ ಸಂಜೆ ಮಗಳಿಗೆ ತೊಡಿಸಿದಾಗ. ಎಡಗೈ ನೆಟ್ಟಗೆ ಮುಂದಕ್ಕೆ ಬಂತು. ಬಲಗೈ ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ಬೆನ್ನ ಕಡೆಗೆ ತಿರುಗಿತು. ಅವಳು ಕನ್ನಡಿ ನೋಡಿಕೊಂಡು, "ಅಮ್ಮ, ಈ ಕೈ ಶಾಲೆಗೆ ಹೋಗ್ತಿದೆ, ಆ ಕೈ ವಾಪಸ್ ಮನೆಗೆ ಬರ್ತಿದೆ" ಅಂದಳು.

ಉಳಿದದ್ದೆಲ್ಲ ಅಂಗೈಯಗಲದ ಚೂರುಗಳು, ಇನ್ನೊಂದು ತೋಳಿಗೆ ಬಟ್ಟೆಯೇ ಇರಲಿಲ್ಲ. ನಾನು ಅತ್ತುಬಿಟ್ಟೆ ಅಕ್ಕ. ಗೆದ್ದು ನಿನ್ನ ಮುಂದೆ ಬಂದು ನಿಲ್ಲುವ ಆಸೆ ಇತ್ತು, ಅದು ಹೋಯಿತು. ನಿನ್ನ ಮೊದಲ ಕೋಟೂ ಹೋಯಿತು. ಮಗಳು ಹತ್ತಿರ ಬಂದು, ವೇದಿಕೆಯ ಮೇಲೆ ಬಲಗೈಯನ್ನು ಬೆನ್ನ ಹಿಂದೆಯೇ ಕಟ್ಟಿಕೊಂಡು ನಡೆಯುತ್ತೇನೆ, ಹೆಡ್‌ಮಾಸ್ತರರು ಹಾಗೇ ನಡೆಯುತ್ತಾರೆ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಸಮಾಧಾನ ಮಾಡಿದಳು. ಸ್ಪರ್ಧೆಗೆ ಹೋಗುವುದೇ ಬೇಡ ಎಂದು ಕೋಟನ್ನು ಕುರ್ಚಿಯ ಮೇಲೆ ಎಸೆದು ಮಲಗಿದೆ.

ಬುಧವಾರ ಬೆಳಿಗ್ಗೆ ಅತ್ತೆಗೆ ಇದ್ದಕ್ಕಿದ್ದಂತೆ ಕಣ್ಣು ಮಂಜಾಯಿತು. ಕಣ್ಣಿನ ಡಾಕ್ಟರ ಹತ್ತಿರ ಒಬ್ಬಳೇ ಹೋಗಿ ಬರುತ್ತೇನೆ ಎಂದು ಹೊರಟರು, ಕೈಯಲ್ಲಿ ನನ್ನ ಟೀ ಶರ್ಟಿನ ಚೀಲ. ಮಂಜುಗಣ್ಣಿನವರು ಓಡಿಹೋಗಿ ಬಸ್ಸು ಹತ್ತಿದ್ದನ್ನು ಕಿಟಕಿಯಿಂದ ನೋಡಿದೆ. ಸಂಜೆಯ ಹೊತ್ತಿಗೆ ತಿರುಗಿ ಬಂದರು. ಗುರುವಾರ ಎದ್ದು ನೋಡಿದರೆ ಕೋಟು ಮೊಳೆಯ ಮೇಲಿದೆ, ಎರಡು ಕೈಗಳೂ ಸರಿಯಾಗಿ ಶಾಲೆಯ ಕಡೆಗೇ ಹೊರಟಿವೆ. ಏನು ಮಾಡಿದಿರಿ ಎಂದು ಕೇಳಿದ್ದಕ್ಕೆ ಅತ್ತೆ ಟಿವಿಯಿಂದ ಕಣ್ಣು ಕೀಳದೆ, "ಇಸ್ತ್ರಿ ಹಾಕಿದೆ ಅಷ್ಟೇ ನೋಡಮ್ಮ, ಸುಕ್ಕಾಗಿತ್ತು" ಅಂದರು.

ಇಸ್ತ್ರಿ ಹಾಕಿದರೆ ಎಡತೋಳು ಬಲತೋಳಾಗುವುದಿಲ್ಲ ಎನ್ನುವಷ್ಟು ಹೊಲಿಗೆ ನನಗೂ ಬರುತ್ತದೆ. ಹೊಸ ತೋಳಿನ ಮಣಿಕಟ್ಟಿನಲ್ಲಿ ಗುಂಡಿಗಳಿರಲಿಲ್ಲ. ಜೇಬಿಗೆ ಕೈ ಹಾಕಿದೆ. ಮಡಿಸಿದ ಕಾಗದದಲ್ಲಿ ನಾಲ್ಕು ಗುಂಡಿ, ಜೊತೆಗೆ ಬೂದು ದಾರ ಪೋಣಿಸಿ, ಗಂಟು ಹಾಕಿದ ಒಂದು ಸೂಜಿ.

ಅಕ್ಕ, ಈ ಪ್ರಪಂಚದಲ್ಲಿ ನನಗೆ ಸೂಜಿಯ ಕಣ್ಣಿಗೆ ದಾರ ಹೋಗುವುದಿಲ್ಲ ಎಂದು ಗೊತ್ತಿರುವವಳು ನೀನೊಬ್ಬಳೇ. ಚಿಕ್ಕವರಿದ್ದಾಗ, ಹೊಲಿಗೆ ಪಾಠದ ದಿನ, ನಾನು ನಾಲಗೆ ಕಚ್ಚಿಕೊಂಡು ಒದ್ದಾಡಬಾರದೆಂದು ನೀನು ಹತ್ತು ಸೂಜಿಗೆ ದಾರ ಹಾಕಿ ದಿಂಬಿಗೆ ಚುಚ್ಚಿಟ್ಟು ಹೋಗುತ್ತಿದ್ದೆ. ಇವತ್ತಿಗೂ ನಾನು ಅವಸರ ಎಂದು ನೆಪ ಹೇಳಿ ಮಗಳ ಕೈಯಲ್ಲಿ ಪೋಣಿಸಿಕೊಳ್ಳುತ್ತೇನೆ, ನಿಜ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅತ್ತೆ ಹೋಗಿದ್ದ ಕಣ್ಣಿನ ಡಾಕ್ಟರು ನೀನೇ ಎಂದು ಆಗ ತಿಳಿಯಿತು. ಆ ಸೂಜಿ ಹಿಡಿದುಕೊಂಡು ಸ್ನಾನದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಕೂತೆ. ನೀನು ಬೇಕೆಂದೇ ಗುಂಡಿಯ ಕೆಲಸ ನನಗೆ ಬಿಟ್ಟಿದ್ದೆ, ಅಲ್ಲವೇ? ಕೊನೆಯ ಹೊಲಿಗೆ ನನ್ನದಾಗಿರಲಿ ಎಂದು. ನಾಲ್ಕನ್ನೂ ಹಾಕಿದೆ. ಒಂದು ಸ್ವಲ್ಪ ಓರೆಯಾಗಿದೆ.

ಮೂರನೆಯದನ್ನು ಬರೆಯಲು ನಾಚಿಕೆಯಾಗುತ್ತದೆ. ತೀರ್ಪುಗಾರರಲ್ಲಿ ಬಟ್ಟೆ ಕಾರ್ಖಾನೆಯಿಂದ ಬಂದ ಒಬ್ಬ ಹಿರಿಯ ಹೆಂಗಸಿದ್ದರು. ಕೋಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಮಗಳ ಬಲಗೈಯನ್ನು ಎತ್ತಿ ಭುಜದ ಹೊಲಿಗೆಯ ಮೇಲೆ ಬೆರಳಾಡಿಸಿ, "ಈ ತೋಳು ಕೂರಿಸಿದ ಕೈಗೆ ಕಸುಬು ಗೊತ್ತು" ಅಂದರು. ಇಡೀ ಕೋಟಿನಲ್ಲಿ ಅವರು ಹೊಗಳಿದ್ದು ಅದೊಂದನ್ನೇ. ಎಡತೋಳಿನ ಬಗ್ಗೆ ದಾಕ್ಷಿಣ್ಯಕ್ಕೂ ಒಂದು ಮಾತಿಲ್ಲ. ನಾನು ತಲೆ ತಗ್ಗಿಸಿ "ಥ್ಯಾಂಕ್ಸ್" ಅಂದೆ. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ದಾರಿಯಲ್ಲಿ ಬರುವಾಗ, ದೊಡ್ಡಮ್ಮನಿಗೂ ಸ್ವಲ್ಪ ಬಹುಮಾನ ಕೊಡಬೇಕಲ್ಲ ಎಂದು ಕೇಳಿದಳು. ಅವಳಿಗೂ ಅತ್ತೆ ಹೇಳಿದ್ದರಂತೆ. ಗುಟ್ಟು ತಿಳಿಯದೆ ಉಳಿದಿದ್ದವಳು ನಾನೊಬ್ಬಳೇ.

ಹಾಗಾಗಿ ನನ್ನ ಶಪಥ ಪೂರ್ತಿಯಾಗಲಿಲ್ಲ. ನೀನು ತಪ್ಪು ಹುಡುಕಲಾಗದಂಥ ಬಟ್ಟೆ ನನ್ನ ಕೈಯಿಂದ ಈ ಜನ್ಮದಲ್ಲಿ ಬರುವುದು ಅನುಮಾನ. ಅಲ್ಲಿಯವರೆಗೆ ಕಾಯಲು ನನ್ನಿಂದಾಗುವುದಿಲ್ಲ. ನನಗೆ ನೀನು ಬೇಕು ಅಕ್ಕ. ನೀನು ಬೈಯುವುದೂ ಬೇಕು. ಗಿರಾಕಿಗಳ ಮುಂದೆ ನಕ್ಕದ್ದು ನನ್ನ ತಪ್ಪು. ನಿನ್ನ ಮೊದಲ ಕೋಟಿಗೆ ಕತ್ತರಿ ಹಾಕಿದ್ದು ಅದಕ್ಕಿಂತ ದೊಡ್ಡ ತಪ್ಪು. ನೀನು ಅದನ್ನು ಚೀಲದಿಂದ ತೆಗೆದು, ಗುರುತು ಹಿಡಿದು, ಬಾಯಿ ಮುಚ್ಚಿಕೊಂಡು ಕೂತು ತೋಳು ಹೊಲಿದೆಯಲ್ಲ, ಆ ಹೊತ್ತಿನಲ್ಲಿ ನಿನ್ನ ಮುಖ ಹೇಗಿತ್ತೋ ಎಂದು ನೆನೆಸಿಕೊಳ್ಳುತ್ತಲೇ ಇದ್ದೇನೆ. ಪ್ರಮಾಣಪತ್ರವನ್ನು ಫ್ರಿಜ್ಜಿನಿಂದ ಕಿತ್ತು ಈ ಪತ್ರದ ಜೊತೆ ಇಟ್ಟಿದ್ದೇನೆ. ಅಂಗಡಿಯಲ್ಲಿ ಎಲ್ಲಾದರೂ ಅಂಟಿಸಿಕೋ.

ನಿನ್ನ ಪ್ರೀತಿಯ,
ಮನೆಯಲ್ಲಿ ಸುಮ್ಮನೆ ಕೂರಲಾರದ ತಂಗಿ

ಮತ್ತೆ ಒಂದು ಮಾತು: ಬಲತೋಳಿಗೆ ಅದೇ ಬಣ್ಣದ ಬಟ್ಟೆ ನಿನಗೆಲ್ಲಿ ಸಿಕ್ಕಿತು ಎಂದು ಮೂರು ದಿನದಿಂದ ತಲೆ ಕೆಡಿಸಿಕೊಂಡಿದ್ದೆ. ಕವರು ಹುಡುಕಲು ಹೋದಾಗ ಈಗ ತಿಳಿಯಿತು. ಇವರ ಬೀರುವಿಗೆ ಬೀಗ ಹಾಕಿರಲಿಲ್ಲ. ಆ ಸೂಟಿನ ಪ್ಯಾಂಟು ಅಲ್ಲಿ ನೇತಾಡುತ್ತಿತ್ತು, ಒಂದು ಕಾಲು ಪೂರ್ತಿ, ಇನ್ನೊಂದು ಮೊಣಕಾಲಿನವರೆಗೆ. ಸ್ನಾನಕ್ಕೂ ಬಿಡದ ಆ ಕೀಲಿಯನ್ನು ಇವರೇ ತಮ್ಮ ಕೈಯಾರೆ ಅತ್ತೆಗೆ ಕೊಟ್ಟಿದ್ದಾರೆ. ಇಪ್ಪತ್ತನೇ ತಾರೀಕು ಕಚೇರಿಯ ಫೋಟೋಗೆ ಏನು ಹಾಕಿಕೊಳ್ಳುತ್ತೀರಿ ಎಂದು ಕೇಳಿದೆ. ಪೇಪರಿನ ಹಿಂದಿನಿಂದಲೇ, "ನಾನು ಹಿಂದಿನ ಸಾಲು. ಸೊಂಟದ ಕೆಳಗೆ ಫೋಟೋದಲ್ಲಿ ಬರಲ್ಲ" ಅಂದರು. ಹೊಸ ಪ್ಯಾಂಟು ನಾನು ಹೊಲಿಯುತ್ತೇನೆ ಎಂದೆ. ಪೇಪರು ಕೆಳಗಿಳಿಯಿತು, ಮುಖ ಬಿಳಿಚಿಕೊಂಡಿತ್ತು. ಆದ್ದರಿಂದ ಬುಧವಾರ ಮೂರು ಗಂಟೆಗೆ, ನಿನಗೆ ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ, ಅಳತೆ ಕೊಡಿಸಲು ಇವರನ್ನು ಕರೆದುಕೊಂಡು ನಾನೇ ಮೆಟ್ಟಿಲು ಹತ್ತುತ್ತೇನೆ. ಒಂದೇ ಕಾಲು ಕತ್ತರಿಸಿದ ಪ್ಯಾಂಟು ಈಗ ನನ್ನದೊಂದಾಯಿತು, ನಿನ್ನದೊಂದಾಯಿತು. ಇನ್ನು ಇಬ್ಬರೂ ಸೇರಿಯೇ ನಗಬಹುದು. ತೋಳು ಕತ್ತರಿಸುವಾಗ ಕಾಗದವನ್ನು ಯಾವಾಗ ಮಗುಚಬೇಕು ಎಂದು ಕಲಿಯದೆ ನಾನು ಅಲ್ಲಿಂದ ಏಳುವವಳಲ್ಲ. ಸೂಜಿಗೆ ದಾರ ಪೋಣಿಸಿಟ್ಟಿರು.