ಹಿಂದಿನ ಸಾಲಿನ ಸೀಟು

ಫೆಬ್ರುವರಿ ೬, ಗುರುವಾರ ಸಂಜೆ

ಮುಖ್ಯೋಪಾಧ್ಯಾಯಿನಿಯವರಿಗೆ ನಮಸ್ಕಾರ.

ನಾಳೆ ಐದನೇ ತರಗತಿಯ ಮಕ್ಕಳನ್ನು ಮ್ಯೂಸಿಯಂಗೆ ಕರೆದೊಯ್ಯುವ ಬಾಡಿಗೆ ಬಸ್ಸಿನ ಡ್ರೈವರ್ ನಾನು. ಅದೇ ತರಗತಿಯ ಒಬ್ಬ ಹುಡುಗಿಯ ತಂದೆಯೂ ಹೌದು. ಪ್ರವಾಸದ ಹಣ ಸ್ವಇಚ್ಛೆಯದು, ಕೊಡದಿದ್ದರೂ ಯಾವ ಮಗುವನ್ನೂ ಬಿಟ್ಟುಹೋಗುವುದಿಲ್ಲ ಎಂದು ನಿಮ್ಮ ಸಹಿಯಿದ್ದ ಸೂಚನೆ ಬಂದಿತ್ತು. ಅದನ್ನು ನಂಬಿ ನಾವು ಈ ಸಲ ಕೊಡಲಿಲ್ಲ.

ಇಂದು ಮಧ್ಯಾಹ್ನ, ಯಾರು ಎಲ್ಲಿ ಕೂರಬೇಕೆಂದು ರೂಢಿ ಮಾಡಿಸಲು ಮಕ್ಕಳನ್ನು ಬಸ್ಸಿಗೆ ಹತ್ತಿಸಿದರು. ನನ್ನ ಮಗಳನ್ನೂ ಇನ್ನಿಬ್ಬರನ್ನೂ ಕೆಳಗೇ ನಿಲ್ಲಿಸಿದರು. ಯಾಕೆಂದು ನಾನು ಕೇಳಿದ್ದಕ್ಕೆ ಕ್ಲಾಸ್ ಟೀಚರ್, "ದುಡ್ಡಿನ ವಿಷಯ ಏನಿಲ್ಲ ಡ್ರೈವರ್ರೇ, ಸೀಟಿಲ್ಲ ಅಷ್ಟೆ. ಹಿಂದಿನ ಸಾಲು ಬ್ಯಾಗಿಗೆ ಬೇಕು," ಎಂದರು. ಅವಳು ನನ್ನ ಮಗಳೆಂದು ಅವರಿಗೆ ಗೊತ್ತಿರಲಿಲ್ಲ. ಅವಳೂ ನನ್ನನ್ನು ಅಪ್ಪ ಎಂದು ಕರೆಯಲಿಲ್ಲ.

ಮನೆಗೆ ಬಂದ ಮೇಲೆ ಅವಳೇ ನನಗೆ ಸಮಾಧಾನ ಹೇಳಿದಳು: "ಹೋಗ್ಲಿ ಬಿಡಪ್ಪ. ನಾವು ಲೈಬ್ರರೀಲಿ ಇರ್ತೀವಿ. ಗೇಟ್ ದಾಟುವಾಗ ಒಂದ್ಸಲ ಹಾರ್ನ್ ಹೊಡಿ, ಅದು ನಂಗೇ ಅಂದ್ಕೋತೀನಿ."

ಬಸ್ಸಿನ ಡಿಕ್ಕಿಯನ್ನು ಗುಡಿಸಿ ಒರೆಸಿದ್ದೇನೆ. ಬ್ಯಾಗುಗಳೆಲ್ಲ ಅಲ್ಲಿ ಹಿಡಿಸುತ್ತವೆ. ದಯವಿಟ್ಟು ಟೀಚರಿಗೆ ತಿಳಿಸಿ. ಉಳಿದಿಬ್ಬರ ಮನೆಗೂ ಫೋನ್ ಮಾಡಿ, ಮಕ್ಕಳ ಕೈಗೆ ಊಟ ಕಟ್ಟಿಕೊಡಲು ಹೇಳಿ.

ಈ ಪತ್ರದ ವಿಷಯ ಬಸ್ಸಿನ ಮಾಲೀಕರ ಕಿವಿಗೆ ಬಿದ್ದರೆ ನನ್ನ ಕೆಲಸ ಹೋಗುತ್ತದೆ. ಮನೆಯಲ್ಲಿ ಇನ್ನೂ ಹೇಳಿಲ್ಲ. ಆದರೆ ನಾಳೆ ಆ ಮೂವರೂ ಹತ್ತಿ ಕೂರುವವರೆಗೆ ನಾನು ಬಸ್ ಸ್ಟಾರ್ಟ್ ಮಾಡುವುದಿಲ್ಲ.

ಇಂತಿ,
ಬಸ್ಸಿನ ಡ್ರೈವರ್