ರಾದ್ಧಾಂತಕ್ಕೆ ಎರಡು ಅರ್ಥ

ಮಹಡಿ ಮನೆ,
ಮಾರ್ಚ್ ೧೧, ಭಾನುವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ಅತ್ತಿಗೆಯ ಮಾತು ಕೇಳಿ ದಿನಾ ನಡೆಯುತ್ತಿದ್ದೀಯ ತಾನೇ? ನೀನು ಕೇಳುವವರ ಪೈಕಿಯಲ್ಲ, ಗೊತ್ತು. ಕೇಳುವವನಾಗಿದ್ದರೆ ಎರಡು ವರ್ಷದಿಂದ ನನ್ನ ಮೇಲೆ ಮುನಿಸಿಕೊಂಡು ಕೂರುತ್ತಿರಲಿಲ್ಲ. ನಾನು ಚೆನ್ನಾಗಿದ್ದೇನೆ. ಅಮ್ಮ ಉಂಡು ತಿಂದು ಓಡಾಡಿಕೊಂಡಿದ್ದಾಳೆ.

ಮೊನ್ನೆ ನಮ್ಮ ಅಚ್ಚಿನ ಮನೆಯಲ್ಲಿ ನನ್ನ ಮಾನ ಹರಾಜಾಯಿತು. ನಿವೃತ್ತ ಮೇಷ್ಟ್ರೊಬ್ಬರ ಪುಸ್ತಕದ ಕರಡು ತಿದ್ದುತ್ತಿದ್ದೆ. ‘ನನ್ನ ಗುರುಗಳ ರಾದ್ಧಾಂತವನ್ನು ಜೀವನವಿಡೀ ಪಾಲಿಸಿದ್ದೇನೆ’ ಎಂದಿತ್ತು. ಅಕ್ಷರ ಜೋಡಿಸುವವನ ಎಡವಟ್ಟು ಎಂದುಕೊಂಡು ‘ಸಿದ್ಧಾಂತ’ ಎಂದು ತಿದ್ದಿದೆ. ಅಷ್ಟಕ್ಕೇ ಸುಮ್ಮನಿರಬಾರದೇ? ಪಕ್ಕದಲ್ಲಿ ‘ಪಾಪ, ಗುರುಗಳು ಗಲಾಟೆ ಮಾಡುವವರೇ?’ ಎಂದು ತಮಾಷೆಗೆ ಬರೆದೆ. ಮಾರನೆಯ ದಿನ ಮೇಷ್ಟ್ರು ದಪ್ಪ ನಿಘಂಟು ಕಂಕುಳಲ್ಲಿಟ್ಟುಕೊಂಡು ಬಂದರು. ಅವರ ಕೂಗಿಗೆ ಯಂತ್ರ ನಡೆಸುವವರೆಲ್ಲ ಯಂತ್ರ ನಿಲ್ಲಿಸಿ ನೋಡಿದರು. ರಾದ್ಧ ಎಂದರೆ ಸಾಧಿಸಿದ್ದು, ಅಂತ ಎಂದರೆ ಕೊನೆ. ವಾದವೆಲ್ಲ ಮುಗಿದ ಮೇಲೆ ಉಳಿಯುವ ತೀರ್ಮಾನವೇ ರಾದ್ಧಾಂತವಂತೆ. ಹಾಗಾದರೆ ಅದು ಗಲಾಟೆಯಾದದ್ದು ಹೇಗೆ ಎಂದು ಕೇಳಿದೆ. ತೀರ್ಮಾನಕ್ಕೆ ಬರುವ ಮೊದಲು ಪಂಡಿತರು ಕಿರುಚಾಡುವುದನ್ನು ನೋಡಿದ ಜನ ಕಿರುಚಾಟಕ್ಕೇ ಆ ಹೆಸರಿಟ್ಟಿರಬೇಕು ಎಂದು ನಕ್ಕರು. ಅದು ಅವರ ಊಹೆ, ಎಲ್ಲೂ ಬರೆದಿಲ್ಲ. ಹೋಗುವಾಗ ‘ಅಷ್ಟು ಕೂಗಬಾರದಿತ್ತಮ್ಮಾ’ ಎಂದರು.

ನನಗೆ ನೆನಪಾದದ್ದು ನಮ್ಮ ಮೆಟ್ಟಿಲು. ಅಲ್ಲಿನ ಕಿಟಕಿ ಪಕ್ಕದ ಜಾಗಕ್ಕಾಗಿ ನೀನು ನನ್ನ ಜಡೆ ಎಳೆಯುತ್ತಿದ್ದೆ, ನಾನು ಊರಿಗೆಲ್ಲ ಕೇಳಿಸುವಂತೆ ಬಾಯಿ ಮಾಡುತ್ತಿದ್ದೆ, ಕೆಳಮನೆಯ ದರ್ಜಿ ಅಳತೆಕೋಲಿನಿಂದ ತನ್ನ ಛಾವಣಿಗೆ ಕುಟ್ಟುತ್ತಿದ್ದ. ಅಮ್ಮ ಸೌಟು ಹಿಡಿದೇ ಓಡಿ ಬರುತ್ತಿದ್ದಳು. ‘ಏನ್ರೋ ಇದು ನಿಮ್ಮ ರಾದ್ಧಾಂತ!’ ಅವಳ ಪ್ರಕಾರ ಬೀದಿಯಲ್ಲಾದರೆ ಗಲಾಟೆ, ಶಾಲೆಯಲ್ಲಾದರೆ ಗದ್ದಲ; ರಾದ್ಧಾಂತ ಎಂಬ ಬಿರುದು ನಮ್ಮಿಬ್ಬರಿಗೇ ಮೀಸಲು. ತಟ್ಟೆ ಹಾಕುವ ಹೊತ್ತಿಗೆ ಎಲ್ಲ ಮುಗಿದಿರುತ್ತಿತ್ತು. ನಿನಗಿಷ್ಟವಿಲ್ಲದ್ದನ್ನೆಲ್ಲ ನೀನು ಮೆಲ್ಲಗೆ ನನ್ನ ತಟ್ಟೆಗೆ ದಾಟಿಸುತ್ತಿದ್ದೆ. ಆ ದಿನಗಳು ಎಷ್ಟು ಚೆನ್ನಾಗಿದ್ದವು ಅಣ್ಣಾ.

ಅಪ್ಪ ಹೋದ ಮೇಲೆ ಅದೇ ಮೆಟ್ಟಿಲ ಮೇಲೆ ಕಿತ್ತಾಡಿದೆವು. ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆ ಎಂದು ನೀನು, ಕಳಿಸುವುದಿಲ್ಲ ಎಂದು ನಾನು. ಅವಳನ್ನೇ ಒಂದು ಮಾತು ಕೇಳೋಣ ಎಂದು ಇಬ್ಬರಿಗೂ ಹೊಳೆಯಲಿಲ್ಲ. ‘ಅಪ್ಪ ಹಾಸಿಗೆ ಹಿಡಿದಾಗ ಎಲ್ಲಿದ್ದೆ?’ ಎಂದುಬಿಟ್ಟೆ. ನೀನು ವಾರ ತಪ್ಪದೆ ಬಸ್ಸಿನಲ್ಲಿ ನಿಂತುಕೊಂಡೇ ಬಂದು ಹೋದದ್ದು ಗೊತ್ತಿದ್ದೂ ಅಂದೆ. ತಪ್ಪಾಯಿತು. ‘ಇನ್ನು ಈ ಮೆಟ್ಟಿಲು ತುಳಿಯಲ್ಲ’ ಎಂದು ನೀನು ಇಳಿದು ಹೋದೆ. ಆವತ್ತಿನ ರಾದ್ಧಾಂತವನ್ನು ನೀನು ಮೇಷ್ಟ್ರ ಅರ್ಥದಲ್ಲಿ ತೆಗೆದುಕೊಂಡೆ. ನಾನು ಅಮ್ಮನ ಅರ್ಥವನ್ನೇ ನಂಬಿ, ಮೂರು ತಟ್ಟೆ ಹಾಕಿಕೊಂಡು ಕಾಯುತ್ತಾ ಕೂತಿದ್ದೆ.

ಅತ್ತಿಗೆಗೆ ನನ್ನ ನಮಸ್ಕಾರ, ಮಕ್ಕಳ ಕೆನ್ನೆಗೆ ಒಂದೊಂದು ಮುತ್ತು.

ನಿನ್ನ ಬಾಯಿಬಡುಕಿ ತಂಗಿ

ಬರೆಯಲು ಮರೆತೆ ಎಂದರೆ ಸುಳ್ಳು, ಧೈರ್ಯ ಬರಲಿಲ್ಲ. ಅಮ್ಮನ ಒಂದು ಕಿವಿ ಪೂರ್ತಿ ಹೋಗಿದೆ. ಇನ್ನೊಂದು ಈ ವರ್ಷ ದಾಟುವುದು ಕಷ್ಟ ಎಂದರು ಡಾಕ್ಟರು. ನೀನು ಫೋನ್ ಮಾಡಿದಾಗ ‘ಹೂಂ, ಹೂಂ’ ಎನ್ನುತ್ತಾಳಲ್ಲ, ಅವಳಿಗೆ ಏನೂ ಕೇಳಿಸಿರುವುದಿಲ್ಲ. ಇಟ್ಟ ಮೇಲೆ ‘ಏನಂದ?’ ಎಂದು ನನ್ನ ಮುಖ ನೋಡುತ್ತಾಳೆ. ‘ಬರ್ತಾನಂತೆ’ ಎಂದು ಪ್ರತಿ ಸಲವೂ ನಾನೇ ಅವಳ ಕಿವಿಯ ಹತ್ತಿರ ಕೂಗಿ ಹೇಳುತ್ತಿದ್ದೇನೆ.